ಮೂರು ಕಣ್ಣಿನ ಚೆಂಡಿನ ಆರೈಕೆ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆ ಇರಬೇಕು. ಓರಗಿತ್ತಿಯ ಎರಡೆಳೆ ಸರದ ಮೇಲೋ, ಪಕ್ಕದ ತೋಟದವರ ಬೋರ್‌ವೆಲ್ಲಿನ ನೀರಿನ ಮೇಲೋ ಹೊಟ್ಟೆಕಿಚ್ಚು ಪಟ್ಟರೆ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಕೇಳಿದವರೂ ತಮ್ಮದೊಂದಿಷ್ಟು ಸೇರಿಸಿ ಹೊತ್ತು ಕಳೆಯುತ್ತಾರೆ. ನನ್ನದು ಅಂಥ ಮರ್ಯಾದಸ್ಥ ಹೊಟ್ಟೆಕಿಚ್ಚಲ್ಲ. ಐವತ್ತು ದಾಟಿದ ಮೇಲೆ, ಮಗಳನ್ನು ಅರಸೀಕೆರೆಗೆ ಕೊಟ್ಟು ಮೊಮ್ಮಗನನ್ನೂ ಕಂಡ ಮೇಲೆ, ನಾನು ಒಂದು ಚೆಂಡಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ಚೆಂಡು ಎಂದರೆ ಮಕ್ಕಳು ಆಡಿ ಮೋರಿಗೆ ಬೀಳಿಸುವ ಚೆಂಡಲ್ಲ, ಬೌಲಿಂಗ್ ಚೆಂಡು. ನೋಡಲು ಸಿಪ್ಪೆ ಸಮೇತದ ತೆಂಗಿನಕಾಯಿಯಷ್ಟು ಗಾತ್ರ, ಎತ್ತಿದರೆ ರುಬ್ಬುಗುಂಡಿನ ನೆನಪು ತರುವ ಭಾರ. ಮೈಯೆಲ್ಲ ಕಡುನೀಲಿ, ಅದರೊಳಗೆ ಹೊಗೆ ಸುಳಿದ ಹಾಗೆ ಬೂದು ಗೆರೆಗಳು. ನೆತ್ತಿಯಲ್ಲಿ ಬೆರಳು ತೂರಿಸಲು ಮೂರು ತೂತು. ತುರುವೇಕೆರೆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮೂರು ತೂತಿನ ದುಂಡನೆಯ ವಸ್ತು ಯಾವುದರ ಹಾಗೆ ಕಾಣುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮತ್ತೆಯಂತೂ ಅದು ಮನೆಗೆ ಬಂದ ದಿನವೇ ಬೆರಳು ಮಡಿಸಿ ತಟ್ಟಿ ನೋಡಿ, "ಇದ್ಯಾವ ತಳಿ ಕಾಯಿ ಕಣ್ಲಾ, ಒಳ್ಗೆ ನೀರೂ ಇಲ್ಲ, ಕೊಬ್ರಿನೂ ಆಗಿಲ್ಲ," ಎಂದು ಮಗನಿಗೆ ಹೇಳಿ, ಅದು ಉರುಳದಿರಲೆಂದು ತಮ್ಮ ಹಳೆಯ ಸೀರೆಯಲ್ಲಿ ಒಂದು ಸಿಂಬೆ ಸುತ್ತಿ ಅದರ ಮೇಲೆ ಕೂರಿಸಿದರು. ಅಂದಿನಿಂದ ಅದು ನಡುಮನೆಯ ಮೂಲೆಯಲ್ಲಿ, ಸಿಂಬೆಯ ಮೇಲೆ, ಯಾರೋ ಇಳಿಸಿ ಮರೆತುಹೋದ ಕೊಡದ ಹಾಗೆ ಕುಳಿತಿದೆ. ಮರೆತುಹೋಗಿದ್ದರೆ ನಾನು ಇಷ್ಟು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಇದು ನಮ್ಮ ಮನೆ ಹೊಕ್ಕಿದ್ದು ಗೊಬ್ಬರದಂಗಡಿ ಚಂದ್ರಣ್ಣನ ದೆಸೆಯಿಂದ. ನಮ್ಮ ಯಜಮಾನರು ತೋಟ ನೋಡಿಕೊಂಡು, ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗುವುದನ್ನು ಕಾದುಕೊಂಡು ಇದ್ದವರು. ಕೊಬ್ಬರಿ ಬೆಳೆಯುವವರಿಗೆ ಕಾಯುವುದೇ ಅರ್ಧ ಕಸುಬು. ಕಾಯಿಯನ್ನು ಅಟ್ಟಕ್ಕೆ ಹಾಕಿ, ಕೆಳಗೆ ನಾವು ಉಂಡು ಮಲಗಿ ಎದ್ದು ಕಾಲ ಕಳೆದರೆ, ಅದು ಮೇಲೆ ತನ್ನ ಪಾಡಿಗೆ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಮುಟ್ಟುವ ಹಾಗಿಲ್ಲ, ಒರೆಸುವ ಹಾಗಿಲ್ಲ. ಹಾಗೆ ಬೆಳೆದ ಮನುಷ್ಯನನ್ನು ಚಂದ್ರಣ್ಣ, ಗೊಬ್ಬರದ ಕಂಪನಿಯವರು ಅಂಗಡಿಯವರಿಗಾಗಿ ಬೆಂಗಳೂರಿನಲ್ಲಿ ಏರ್ಪಡಿಸಿದ್ದ ಔತಣಕ್ಕೆ ಜೊತೆಗೆ ಕರೆದುಕೊಂಡು ಹೋದ. ಅಲ್ಲಿ ಊಟಕ್ಕೆ ಮುಂಚೆ ಈ ಆಟವಂತೆ. ನುಣುಪಾದ ಉದ್ದನೆಯ ಹಲಗೆಯ ಹಾದಿ, ಕೊನೆಯಲ್ಲಿ ಸೀಸೆಯಂಥ ಹತ್ತು ಪಿನ್ನು, ಚೆಂಡು ಉರುಳಿಸಿ ಅವನ್ನು ಬೀಳಿಸಬೇಕು. ಇವರು ಹುಡುಗಾಟಕ್ಕೆ ಎಸೆದ ಮೊದಲನೇ ಎಸೆತಕ್ಕೇ ಹತ್ತೂ ಬಿದ್ದುವಂತೆ. ಸುತ್ತ ನಿಂತವರು ಚಪ್ಪಾಳೆ ಹೊಡೆದರಂತೆ. ಗಂಡಸರಿಗೆ ಐವತ್ತೈದರಲ್ಲಿ ಚಪ್ಪಾಳೆ ಹೊಡೆಯಬಾರದು. ತಡೆದುಕೊಳ್ಳುವ ವಯಸ್ಸಲ್ಲ ಅದು. ಅಲ್ಲಿಂದ ಬಂದವರು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಬೇರೆ ಮನುಷ್ಯರಾಗಿದ್ದರು. ತುಮಕೂರಿನಲ್ಲೂ ಒಂದು ಮಾಲಿನ ಮೇಲ್ಮಹಡಿಯಲ್ಲಿ ಈ ಆಟ ಇದೆಯೆಂದು ಪತ್ತೆ ಮಾಡಿದರು, ಭಾನುವಾರ ಭಾನುವಾರ ಚಂದ್ರಣ್ಣನೂ ಇವರೂ ಕಾರು ಹತ್ತಿದರು. ಅಲ್ಲಿ ಬಾಡಿಗೆಗೆ ಸಿಗುವ ಚೆಂಡು ಬಲಕ್ಕೆ ತಿರುಗುವುದಿಲ್ಲ ಎಡಕ್ಕೆ ತಿರುಗುವುದಿಲ್ಲ, ಹಸುವಿನ ಹಾಗೆ ನೆಟ್ಟಗೆ ಹೋಗುತ್ತದೆ ಎಂದು ಬೇಜಾರು ಮಾಡಿಕೊಂಡು ಕೊನೆಗೆ ಸ್ವಂತದ್ದನ್ನೇ ತರಿಸಿದರು.

ತರಿಸಿದ ಮೇಲೆ ಶುರುವಾಯಿತು ಅದರ ಚರ್ಮದ ಕಥೆ. ಆ ಹಲಗೆಯ ಹಾದಿಗೆ ದಿನಾ ತೆಳ್ಳಗೆ ಎಣ್ಣೆ ಹಚ್ಚಿರುತ್ತಾರಂತೆ. ಚೆಂಡು ಉರುಳುವಾಗಲೆಲ್ಲ ಅದರ ಮೈ ಆ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡಷ್ಟೂ ಹಿಡಿತ ಕಳೆದುಕೊಂಡು ಜಾರುತ್ತದೆ, ಕೊನೆಯಲ್ಲಿ ಬಾಗಿ ತಿರುಗಿ ಪಿನ್ನಿಗೆ ಹೊಡೆಯಬೇಕಾದದ್ದು ನೆಟ್ಟಗೆ ಹೋಗಿ ಮೂಲೆ ಸೇರುತ್ತದೆ. ಅದಕ್ಕೇ ಒಂದೊಂದು ಎಸೆತಕ್ಕೂ ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಆಟ ಮುಗಿದ ಮೇಲೆ ಸ್ಪಿರಿಟ್ಟಿನ ವಾಸನೆಯ ಒಂದು ದ್ರವ ಹಾಕಿ ತಿಕ್ಕಬೇಕು. ಆಗಾಗ ಉಗುರುಬೆಚ್ಚನೆ ನೀರಿನಲ್ಲಿ ಮುಳುಗಿಸಿ ಒಳಗಿನ ಎಣ್ಣೆಯನ್ನು ಬೆವರಿಸಬೇಕು. ಮೈ ತೀರ ನುಣ್ಣಗಾದರೆ ಉಪ್ಪುಕಾಗದದಂಥ ಬಿಲ್ಲೆ ಹಿಡಿದು ತಿಕ್ಕಿ ತಿಕ್ಕಿ ಒರಟು ಮಾಡಬೇಕು. ಬಿಸಿಲಿಗೆ ಇಡಬಾರದು, ಬಿರುಕು ಬಿಡುತ್ತದೆ. ಇದನ್ನೆಲ್ಲ ನಮ್ಮ ಯಜಮಾನರು ಮೊಬೈಲಿನಲ್ಲಿ ನೋಡಿ ನೋಡಿ ನನಗೆ ಪಾಠ ಹೇಳಿದರು. ನನಗೆ ಒಂದೇ ಸಲಕ್ಕೆ ಅರ್ಥವಾಯಿತು, ಅವರಿಗೇ ಆಶ್ಚರ್ಯ. ಆಶ್ಚರ್ಯಪಡುವಂಥದ್ದು ಏನಿತ್ತು? ನಾನು ಒರಳುಕಲ್ಲಿನಲ್ಲಿ ರುಬ್ಬಿ ಬೆಳೆದವಳು. ಕಲ್ಲು ನುಣ್ಣಗಾದರೆ ಅಕ್ಕಿ ನುರಿಯುವುದಿಲ್ಲ, ಕಲ್ಲು ಕುಟ್ಟುವವರು ಬೀದಿಗೆ ಬಂದಾಗ ಕರೆದು ಉಳಿಯಿಂದ ಒರಟು ಮಾಡಿಸಬೇಕು ಎನ್ನುವುದು ನನಗೆ ಲಂಗ ಹಾಕುವ ವಯಸ್ಸಿಗೇ ಗೊತ್ತಿತ್ತು. ಅರ್ಥವಾಗಿದೆ ಎಂದು ತೋರಿಸಿಕೊಂಡದ್ದೇ ತಪ್ಪಾಯಿತು. ಮನೆಯಲ್ಲಿ ಯಾವ ಕೆಲಸ ಯಾರಿಗೆ ಅರ್ಥವಾಗುತ್ತದೋ ಅದು ಅವರದ್ದೇ ಆಗಿಬಿಡುತ್ತದೆ.

ಮೊದಮೊದಲು ಅವರೇ ಮಾಡುತ್ತಿದ್ದರು, ಇಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ಭಾನುವಾರ ಸಂಜೆ ಜಗಲಿಯ ಮೇಲೆ ಚೆಂಡನ್ನು ಮಡಿಲಲ್ಲಿಟ್ಟುಕೊಂಡು, ಚಂದ್ರಣ್ಣನ ಅಂಗಡಿಯಲ್ಲಿ ಔಷಧಿ ಹೊಡೆಯುವವರಿಗೆ ಮಾರುವ ನೀಲಿ ಕೈಗವಸು ತೊಟ್ಟು, ಆ ದ್ರವ ಸುರಿದು ಒರೆಸುತ್ತಿದ್ದರು. ಕೈಗವಸು ಯಾಕೆ ಎಂದರೆ, ಅಂಗೈ ಬೆವರು ಅದರ ಮೈಗೆ ತಾಗಬಾರದಂತೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈ ಮನುಷ್ಯ ಉಂಡ ತಟ್ಟೆ ಎತ್ತಿದ್ದನ್ನು ನಾನು ಕಂಡವಳಲ್ಲ. ಮಗಳು ಹಾಲುಗೂಸಾಗಿದ್ದಾಗ ಎತ್ತಿಕೊಳ್ಳಲು ಕೊಟ್ಟರೆ, "ಜಾರ್ತದೆ ಕಣೇ, ನಂಗೆ ಹಿಡಿಯಾಕೆ ಬರಲ್ಲ," ಎಂದು ಹಿಂದಕ್ಕೆ ಕೊಟ್ಟವರು. ಈಗ ಎಣ್ಣೆ ಕುಡಿದ ಆರು ಕಿಲೋ ಗುಂಡನ್ನು ತಿರುವಿ ತಿರುವಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದರು. ಆ ಹೆಬ್ಬೆರಳಿಗೆ ಅಷ್ಟು ಮೃದುತ್ವ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಇದೇ ನೋಡಿ ನನ್ನ ಹೊಟ್ಟೆಕಿಚ್ಚಿನ ಮೂಲ. ಆಮೇಲೆ ಕೈಗವಸು ಹರಿಯಿತು, ಅವರಿಗೆ ಸೊಂಟ ಹಿಡಿಯಿತು, ಚೆಂಡು ನನ್ನ ಮಡಿಲಿಗೆ ಬಂತು. ಕೈಗವಸು ಬರಲಿಲ್ಲ. ಕೇಳಿದ್ದಕ್ಕೆ, "ನಿಂಗ್ಯಾಕೆ ಬುಡು, ನಿನ್ನ ಕೈ ಯಾವಾಗ್ಲೂ ಒಣಗೇ ಇರ್ತದಲ್ಲ," ಎಂದರು. ಬೈಗುಳವಾಗಿ ಹೇಳಿದ್ದಲ್ಲ ಅದು. ಮೆಚ್ಚಿ ಹೇಳಿದ್ದು.

ಒಣಗುವುದಕ್ಕೆ ಬಿಡದ ಊರು ನಮ್ಮದು ಎನ್ನುವುದು ಇದರಲ್ಲಿನ ವಿಚಿತ್ರ. ನಮ್ಮ ಕಡೆ ಏನೇ ಕೆಟ್ಟರೂ ಮೊದಲು ಕೊಬ್ಬರಿ ಎಣ್ಣೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಬೀಗ ತೆಗೆಯದಿದ್ದರೆ ಎಣ್ಣೆ, ಮಗು ಅತ್ತರೆ ನೆತ್ತಿಗೆ ಎಣ್ಣೆ, ಕರುವಿನ ಬಾಲಕ್ಕೆ ಗಾಯವಾದರೆ ಎಣ್ಣೆ. ನಮ್ಮತ್ತೆಗೆ ಪ್ರೀತಿ ಎಂದರೆ ಎಣ್ಣೆ ಹಚ್ಚುವುದು, ಅಷ್ಟೆ. ಯಾರನ್ನು ಹಿಡಿದು ಕೂರಿಸಿ ಎಣ್ಣೆ ಹಚ್ಚುವುದಿಲ್ಲವೋ ಅವರ ಮೇಲೆ ಅವರಿಗೆ ಮನಸ್ಸಿಲ್ಲ ಎಂದು ತಿಳಿಯಬೇಕು. ನನ್ನ ಬಾಣಂತನ ಅಮ್ಮನ ಮನೆಯಲ್ಲಾಯಿತು, ಹಾಗಾಗಿ ಆ ಪರೀಕ್ಷೆ ನಮ್ಮಿಬ್ಬರ ನಡುವೆ ನಡೆಯಲೇ ಇಲ್ಲ. ಅಂಥ ಮನೆಗೆ, ಎಣ್ಣೆ ತೆಗೆಯುವುದೇ ಆರೈಕೆ ಎನ್ನುವ ವಸ್ತು ಬಂದು ಕುಳಿತಿತು. ನಾನು ಅದನ್ನು ಬೋಗುಣಿಯ ಬಿಸಿನೀರಿನಲ್ಲಿ ಮುಳುಗಿಸಿ, ಮೇಲೆ ತೇಲಿದ ಜಿಡ್ಡು ತೆಗೆದು, ಒರೆಸುವುದನ್ನು ಅತ್ತೆ ಹಿತ್ತಿಲ ಕಟ್ಟೆಯಿಂದ ನೋಡಿ, "ಎಣ್ಣೆ ಹಾಕಿ ನೀರ್ ಹುಯ್ಯೋದು ಕಂಡಿದೀನಿ. ನೀರ್ ಹುಯ್ದು ಎಣ್ಣೆ ತೆಗೆಯೋದು ಇದೇ ಮೊದ್ಲು ಕಣೇ ಗಿರಿಜ," ಎನ್ನುತ್ತಿದ್ದರು.

ಚೆಂಡಿನ ಮೈ ಸುಧಾರಿಸಿತು. ತುಮಕೂರಿನಲ್ಲಿ ಅದು ಹೇಗೆ ಬಾಗುತ್ತದೆ, ಹೇಗೆ ತಿರುಗುತ್ತದೆ ಎಂದು ಚಂದ್ರಣ್ಣ ಬಂದು ಕೈಯಲ್ಲಿ ಗಾಳಿಯಲ್ಲಿ ಬರೆದು ತೋರಿಸಿ, "ಏನೇ ಅನ್ನಿ ಅತ್ಗೆ, ಅಣ್ಣನ ಕೈಗುಣ," ಎಂದು ಕಾಫಿ ಕುಡಿದು ಹೋದ. ಆ ಹೊತ್ತಿಗೆ ನನ್ನ ಕೈ ಕೆಟ್ಟಿತ್ತು. ಮೊದಲು ಬೆರಳ ತುದಿ ಕಾಗದದ ಹಾಗೆ ಸುಲಿಯಿತು, ಆಮೇಲೆ ಅಂಗೈ ಬಿರುಕು ಬಿಟ್ಟಿತು. ಸಾರಿಗೆ ಹುಣಿಸೆಹಣ್ಣು ಕಿವುಚಿದರೆ ಕಣ್ಣಲ್ಲಿ ನೀರು. ಮೆಣಸಿನಪುಡಿ ಮುಟ್ಟುವ ದಿನ ನಾನು ದೇವರನ್ನೂ ಕೂಗುತ್ತಿದ್ದೆ. ಪಾತ್ರೆ ತೊಳೆಯುವ ಸೋಪು ಬದಲಾಯಿಸಿದೆ, ಅರಿಸಿನ ಹಚ್ಚಿದೆ, ನಮ್ಮೂರ ಪದ್ಧತಿಯಂತೆ ಎಣ್ಣೆಯನ್ನೂ ಹಚ್ಚಿದೆ. ಎಣ್ಣೆ ಹಚ್ಚಿದ ಕೈಯಲ್ಲಿ ಚೆಂಡು ಮುಟ್ಟಬೇಡ ಎಂದು ಅಪ್ಪಣೆಯಾದದ್ದರಿಂದ ಅದನ್ನೂ ಬಿಟ್ಟೆ. ತಿಪಟೂರಿಗೆ ಭಾನುವಾರ ಬೆಳಿಗ್ಗೆ ಚರ್ಮದ ಡಾಕ್ಟರೊಬ್ಬರು ಬರುತ್ತಾರೆ, ಕರೆದುಕೊಂಡು ಹೋಗಿ ಎಂದು ಯಜಮಾನರಿಗೆ ಹೇಳಿದೆ. ಭಾನುವಾರ ಎಂದ ಕೂಡಲೇ ಅವರ ಮುಖದಲ್ಲಿ ಆದ ಬದಲಾವಣೆ ನೋಡಿ ನನಗೇ ಪಾಪ ಎನ್ನಿಸಿತು. "ಬರೋ ವಾರ ಹೋಗಾಣ ತಗಾ," ಎಂದರು. ಬರುವ ವಾರ ಎನ್ನುವುದು ನಮ್ಮ ಸೀಮೆಯಲ್ಲಿ ಮಳೆಯ ಹಾಗೆ. ಅದು ಹಂದನಕೆರೆಯಲ್ಲಿ ಆಯಿತಂತೆ, ಮಾಯಸಂದ್ರದಲ್ಲಿ ಆಯಿತಂತೆ. ನಮ್ಮ ತೋಟದ ಮೇಲೆ ಮಾತ್ರ ಮೋಡ.

ಕೊನೆಗೆ ದಸರಾ ಕಳೆದ ಭಾನುವಾರ ಖಂಡಿತ ಎಂದು ಒಪ್ಪಿದರು. ಒಪ್ಪಿದ ಮೇಲೆ ತಿಳಿದದ್ದು, ಅದೇ ಭಾನುವಾರ ತುಮಕೂರಿನ ಮಾಲಿನವರು ಪಂದ್ಯ ಇಟ್ಟಿದ್ದಾರೆ ಎಂದು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಬ್ಬರೂ ಆ ಭಾನುವಾರವನ್ನು ಹಾವು ಕಂಡವರ ಹಾಗೆ ದೂರದಿಂದ ನೋಡುತ್ತಿದ್ದೆವು. ಪಂದ್ಯಕ್ಕೆಂದು ಚೆಂಡಿನ ಮೈಯನ್ನು ಹೊಸದಾಗಿ ತಿಕ್ಕಿ ಒರಟು ಮಾಡಿಸಿದರು. ಮಾಡಿಸಿದರು ಎಂದರೆ ನಾನು ಮಾಡಿದೆ. ಮೆರುಗೆಲ್ಲ ಹೋಗಿ ಅದು ಮಂಕಾಗಿ, ಜ್ವರ ಬಿಟ್ಟೆದ್ದವರ ಮುಖದ ಹಾಗೆ ಕಾಣುತ್ತಿತ್ತು. ಹಾಗಿದ್ದರೇನೇ ಅದಕ್ಕೆ ಹಿಡಿತ ಜಾಸ್ತಿ ಎಂದು ಯಜಮಾನರು ಖುಷಿಪಟ್ಟರು.

ಆಯುಧಪೂಜೆಯ ದಿನ ಅವರು ಚಂದ್ರಣ್ಣನ ಅಂಗಡಿಯ ಪೂಜೆಗೆ ಹೋದರು, ನಾನು ಹೋಳಿಗೆಯ ಮುಂದೆ ಕುಳಿತಿದ್ದೆ. ನಮ್ಮತ್ತೆ ಎಂದಿನಂತೆ ಮಚ್ಚು, ಕುಡುಗೋಲು, ಕಾಯಿ ಸುಲಿಯುವ ಸಲಾಕೆ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ಅಂಗಳದಲ್ಲಿ ಸಾಲಾಗಿ ಇಟ್ಟು ಕುಂಕುಮ ಹಚ್ಚಿದರು. ಕಬ್ಬಿಣಕ್ಕೆ ವರ್ಷಕ್ಕೊಂದು ಸಲ ಎಣ್ಣೆಯಾಗಲೇಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಅಷ್ಟರಲ್ಲಿ ಅವರ ಕಣ್ಣು ನಡುಮನೆಯ ಮೂಲೆಗೆ ಹೋಗಿದೆ. ಮಗ ಭಾನುವಾರ ಭಾನುವಾರ ಹಿಡಿಯುವುದು ಇದನ್ನೇ, ಇದೂ ಒಂದು ಆಯುಧವೇ. ಅದೂ ಬಿಳಿಚಿಕೊಂಡು, ಒಣಗಿ, ನೋಡುವವರಿಲ್ಲದ ಹಾಗೆ ಕುಳಿತಿದೆ. ಸೊಸೆ ತೊಳೆದೂ ತೊಳೆದೂ ಅದರ ಜೀವ ತೆಗೆದಿದ್ದಾಳೆ. ಹೀಗೆ ಯೋಚಿಸಿದ ಆ ಮುದುಕಿ, ಗಾಣದಿಂದ ತರಿಸಿದ ಹೊಸ ಕೊಬ್ಬರಿ ಎಣ್ಣೆಯನ್ನು ಅಂಗೈ ತುಂಬ ಹುಯ್ದುಕೊಂಡು, ಮರಿಮಗನಿಗೆ ಹಚ್ಚುವ ಹಾಗೆ ಅದಕ್ಕೆ ಹಚ್ಚಿ ತೀಡಿದ್ದಾರೆ. ನಾನು ಹೋಳಿಗೆ ಬೇಯಿಸಿ ಹೊರಗೆ ಬಂದಾಗ ಅಂಗಳದಲ್ಲಿ, ಮಚ್ಚು ಕುಡುಗೋಲುಗಳ ನಡುವೆ, ಸಿಂಬೆಯ ಮೇಲೆ, ಚೆಂಡು ಶಾಲಿಗ್ರಾಮದ ಹಾಗೆ ಥಳಥಳ ಹೊಳೆಯುತ್ತಿತ್ತು. ಹಣೆಗೆ ವಿಭೂತಿ, ಮೂರು ಕಣ್ಣಿನಲ್ಲೂ ಒಂದೊಂದು ಚೆಂಡು ಹೂವು. ಅತ್ತೆ ನನ್ನ ಕಡೆ ತಿರುಗಿ, "ಈಗ್ ನೋಡು, ಹೆಂಗೆ ಕಳೆ ಬಂತು," ಎಂದರು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಕಾಣುತ್ತಿತ್ತು. ನನಗೆ ಈ ಮನೆಗೆ ಬಂದಾಗಿನಿಂದ ಅವರ ಕೈಯಲ್ಲಿ ಆಗದಿದ್ದ ಎಣ್ಣೆಶಾಸ್ತ್ರ ಅದಕ್ಕಾಗಿತ್ತು.

ಯಜಮಾನರು ಬಂದು ನೋಡಿದರು. ತಾಯಿಯ ಮುಖ ನೋಡಿದರು. ಪೂಜೆಯಾದ ವಸ್ತುವಿಗೆ ಕೈಮುಗಿದು ಒಳಗೆ ಬಂದು ನನ್ನನ್ನು, "ನೀನೆಲ್ಲಿ ಹೋಗಿದ್ದೆ?" ಎಂದು ಕೇಳಿದರು. ಕೈಯಲ್ಲಿ ಅವರಿಗೆಂದೇ ತಟ್ಟಿದ ಹೋಳಿಗೆ ಇತ್ತು, ಅದನ್ನೇ ತೋರಿಸಿದೆ. ಪಂದ್ಯದವರೆಗೆ ಉಳಿದ ದಿನಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಬಿಸಿನೀರು, ಬಟ್ಟೆ, ದ್ರವ. ಮತ್ತೆ ಬಿಸಿನೀರು, ಬಟ್ಟೆ, ದ್ರವ. ಬಿರುಕು ಬಿಟ್ಟ ಅಂಗೈಗೆ ಆ ದ್ರವ ಬಿದ್ದರೆ ಹೇಗಿರುತ್ತದೆ ಎಂದು ಬರೆಯುವುದಿಲ್ಲ, ಓದುವವರು ಊಟ ಮಾಡಿಕೊಂಡು ಕುಳಿತಿರಬಹುದು. ತೆಗೆದಷ್ಟೂ ಎಣ್ಣೆ ಒಳಗಿಂದ ಒಸರುತ್ತಿತ್ತು. ಅತ್ತೆಯ ಪ್ರೀತಿ ಒಂದು ಸಲ ಇಳಿದರೆ ಸುಲಭಕ್ಕೆ ಬಿಡುವಂಥದ್ದಲ್ಲ ಎಂದು ನನಗೆ ಆಗ ತಿಳಿಯಿತು. ಬೇರೆ ದಾರಿಯಲ್ಲಿ ತಿಳಿಯುವ ಅವಕಾಶ ನನಗೆ ಸಿಕ್ಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಶೂ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ, "ಡಾಕ್ಟ್ರು ಎಲ್ಲೋಯ್ತಾರೆ, ಬರೋ ವಾರನೂ ಬತ್ತಾರೆ," ಎಂದರು. ನಾನು ಹೂಂ ಎಂದೆ. ಕಾರು ತುಮಕೂರಿನ ಕಡೆ ತಿರುಗಿದ ಮೇಲೆ ಸೀರೆ ಬದಲಾಯಿಸಿ, ಆ ದ್ರವದ ಬಾಟಲಿಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು, ತಿಪಟೂರಿನ ಬಸ್ಸು ಹತ್ತಿದೆ. ಬಾಟಲಿ ಯಾಕೆ ಹಾಕಿಕೊಂಡೆನೋ ಗೊತ್ತಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯಲಾಗದೆ ಮೊಣಕೈ ಸುತ್ತಿಕೊಂಡು ನಿಂತಿದ್ದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನ ಎರಡೂ ಕೈ ದೀಪದ ಕೆಳಗೆ ಹಿಡಿದು, ತಿರುವಿ, ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿದರು. ಹಾಗೆ ಸವರುವುದನ್ನು ನಾನು ಎಲ್ಲಿ ಕಂಡಿದ್ದೆ ಎಂದು ನೆನಪಾಯಿತು. ಕೈಗೆ ಹೊಸದಾಗಿ ಏನಾದರೂ ತಾಗುತ್ತಿದೆಯೇ ಎಂದರು. ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟೆ.

"ಇದನ್ನ ಬರಿಗೈಲಿ ಉಪಯೋಗಿಸ್ತೀರಾ? ಯಾತಕ್ಕೆ?"

"ಒಂದು ಚೆಂಡು ಒರೆಸಕ್ಕೆ, ಮೇಡಮ್."

"ಯಾರ ಚೆಂಡು?"

"ನಮ್ಮ ಯಜಮಾನ್ರದ್ದು."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ಒಂದು ಕ್ಷಣ ನೋಡಿದರು. ನಗುವುದೋ ಬೈಯುವುದೋ ಅವರಿಗೇ ತಿಳಿಯಲಿಲ್ಲ ಅಂತ ಕಾಣುತ್ತದೆ. ಈ ದ್ರವ ಚರ್ಮದಲ್ಲಿನ ಜಿಡ್ಡನ್ನೆಲ್ಲ ಎಳೆದು ಹಾಕುತ್ತದೆ, ನಿಮ್ಮ ಕೈಗೆ ಆಗಿರುವುದೇ ಇದು, ಇನ್ನು ಮುಟ್ಟಬೇಡಿ ಎಂದರು. ಬಿಸಿನೀರಿನಲ್ಲಿ ಬಹಳ ಹೊತ್ತು ಇಡಬೇಡಿ, ಕೆಲಸವಾದ ಕೂಡಲೇ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಿ, ಒರಟಾಗಿ ತಿಕ್ಕಬೇಡಿ, ಬಿಸಿಲಿಗೆ ಒಡ್ಡಬೇಡಿ ಎಂದು ಒಂದೊಂದಾಗಿ ಹೇಳಿ, ಮುಲಾಮು ಬರೆದುಕೊಟ್ಟು, "ನಿಮ್ಮ ಕೈ ಆರೈಕೆ ಯಾರಾದ್ರೂ ಮಾಡಬೇಕಲ್ಲಮ್ಮ," ಎಂದರು. ಹೌದು ಮೇಡಮ್ ಎಂದೆ. ಮಾಡುವವರು ತುಮಕೂರಿನಲ್ಲಿದ್ದಾರೆ ಎಂದು ಹೇಳಲಿಲ್ಲ.

ಮನೆಗೆ ಬಂದಾಗ ಕಾರು ಆಗಲೇ ಬಂದಿತ್ತು. ಜಗಲಿಯಲ್ಲಿ ಯಜಮಾನರು, ಪಕ್ಕದಲ್ಲಿ ಚೀಲದೊಳಗೆ ಚೆಂಡು. ಮೊದಲ ಸುತ್ತಿನಲ್ಲೇ ಸೋತಿದ್ದರು. ಅದು ಬಾಗಲಿಲ್ಲವಂತೆ, ಹಸುವಿನ ಹಾಗೆ ನೆಟ್ಟಗೆ ಹೋಯಿತಂತೆ. ಎಣ್ಣೆ ಸರಿಯಾಗಿ ಹೋಗಿಲ್ಲ ಎಂದರು. ನಾನು ಎರಡೂ ಅಂಗೈ ಅವರ ಮುಂದೆ ಚಾಚಿ, ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, ಬೆಳಕಿನ ಕಡೆ ತಿರುವಿ ನೋಡಿದರು. ಅವರ ಹೆಬ್ಬೆರಳು ಅಂಗೈ ಮೇಲೆ ಸರಿಯಿತು. ಕೊನೆಗೂ ನನ್ನ ಸರದಿ ಬಂತು ಎಂದುಕೊಂಡೆ. "ಇಷ್ಟೊಂದು ಒಡ್ದದಾ?" ಎಂದರು. ಆಮೇಲೆ, "ಮೊದ್ಲೇ ಹೇಳ್ಬಾರ್ದಾ ಗಿರಿಜ," ಎಂದರು.

ಮಾರನೇ ದಿನ ಚಂದ್ರಣ್ಣನ ಅಂಗಡಿಯಿಂದ ನೀಲಿ ಕೈಗವಸಿನ ಒಂದು ಕಟ್ಟು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಈ ಸಲ ನಾನು ಕೇಳದೇ ತಂದ ವಸ್ತು ಅದು. ಹೂವು ತಂದುಕೊಟ್ಟಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ. ತೊಟ್ಟು ನೋಡಿದೆ, ಅಳತೆ ಸರಿಯಾಗಿತ್ತು. ನನ್ನ ಕೈಯ ಅಳತೆ ಇವರಿಗೆ ಗೊತ್ತಲ್ಲ ಎಂದು ಆ ದಿನವೆಲ್ಲ ಒಳಗೊಳಗೇ ಹಿಗ್ಗಿದೆ, ಸಂಜೆ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದೆ. ಅವರು ಕಾಫಿ ಗುಟುಕರಿಸುತ್ತಾ, "ಮುಲಾಮು ಹಚ್ಕೊಂಡ ಮೇಲೆ ಕೈಗವಸು ಮರೀಬ್ಯಾಡ. ಜಿಡ್ಡು ಚೆಂಡಿಗೆ ಅಂಟ್ಬುಟ್ಟದು," ಎಂದರು. ಅಷ್ಟು ದಪ್ಪ ಮುಲಾಮು ಬರೆದುಕೊಟ್ಟ ಡಾಕ್ಟರಮ್ಮನಿಗೂ ಅದು ಹೊಳೆದಿರಲಿಲ್ಲ. ಆಮೇಲೆ ಚಂದ್ರಣ್ಣನಿಂದ ಗೊತ್ತಾಯಿತು, ಅವನ ಅಂಗಡಿಯಲ್ಲಿ ಬರುವುದು ಒಂದೇ ಅಳತೆ.

ಇನ್ನು ಚೆಂಡು ಮುಟ್ಟುವುದಿಲ್ಲ ಎಂದು ಅವತ್ತೇ ಹೇಳಿಬಿಟ್ಟೆ. ಮನಸ್ಸಿನೊಳಗಲ್ಲ, ಬಾಯಿಬಿಟ್ಟೇ ಹೇಳಿದೆ, ಅತ್ತೆಗೂ ಕೇಳಿಸುವ ಹಾಗೆ. ನನ್ನ ಕೈ ವಾಸಿಯಾಗುತ್ತಿದೆ, ಹುಣಿಸೆಹಣ್ಣು ಕಿವುಚಿದರೆ ಈಗ ಉರಿಯುವುದಿಲ್ಲ. ಚೆಂಡು ನಡುಮನೆಯ ಮೂಲೆಯಲ್ಲಿ ಸಿಂಬೆಯ ಮೇಲೆ ಧೂಳು ಹೊತ್ತು ಕುಳಿತಿದೆ. ಯಜಮಾನರು ಆಗಾಗ ಅದರ ಕಡೆ ನೋಡುತ್ತಾರೆ, ಕೈಗವಸಿನ ಕಟ್ಟಿನ ಕಡೆ ನೋಡುತ್ತಾರೆ, ಸೊಂಟ ಹಿಡಿದುಕೊಂಡು ತೋಟಕ್ಕೆ ಹೋಗುತ್ತಾರೆ. ಇರಲಿ ಬಿಡಿ, ಅದರ ಚರ್ಮ ಅದಕ್ಕೆ, ನನ್ನ ಚರ್ಮ ನನಗೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಇದನ್ನು ಬರೆಯಲು ಕುಳಿತದ್ದು. ಇಷ್ಟು ಬರೆಯುವ ಹೊತ್ತಿಗೆ ಹೊತ್ತು ಏರಿ, ಗವಾಕ್ಷಿಯಿಂದ ಬಿಸಿಲಕೋಲು ಇಳಿದು ನೆಲದ ಮೇಲೆ ತೆವಳಿಕೊಂಡು ಮೂಲೆಯವರೆಗೂ ಬಂದು ಅದರ ನೆತ್ತಿಗೆ ಬಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ಯಾರೂ ನನಗೆ ಹೇಳಲೂ ಇಲ್ಲ. ಪೆನ್ನು ಕೆಳಗಿಟ್ಟು ಎದ್ದು ಹೋಗಿ ಸಿಂಬೆ ಸಮೇತ ಅದನ್ನು ನೆರಳಿಗೆ ಎಳೆದಿಟ್ಟು, ಸೆರಗಿನಿಂದ ಒಂದು ಸಲ ಒರೆಸಿ ಬಂದೆ.